ಸೈರನ್ ನಡುವಿನ ಸಂಸಾರ: ಇಸ್ರೇಲಿನ ಯುದ್ಧಕಾಲದ ಕಥೆಗಳನ್ನು ಯಾರು, ಯಾರಿಗಾಗಿ ಹೇಳುತ್ತಿದ್ದಾರೆ?

ಸ್ನಾನಕ್ಕೆ ಯಾವಾಗ ಹೋಗಬೇಕು? 2025ರ ಜೂನ್‌ನಲ್ಲಿ ಇರಾನ್ ಜೊತೆ ಹನ್ನೆರಡು ದಿನ ಯುದ್ಧ ನಡೆದಾಗ ಇಸ್ರೇಲಿನ ಜನ ಆನ್‌ಲೈನ್‌ನಲ್ಲಿ ಬರೆದುಕೊಂಡ ವಿಷಯಗಳಲ್ಲಿ ಇದೂ ಒಂದು. ತಲೆಗೆ ಸೋಪು ಹಚ್ಚಿಕೊಂಡಾಗಲೇ ಸೈರನ್ ಕೂಗಿದರೆ ಏನು ಗತಿ, ಮಗುವನ್ನು ಎತ್ತಿಕೊಂಡು ಓಡುವಾಗ ನಾಯಿಯನ್ನು ಯಾರು ಹಿಡಿದುಕೊಳ್ಳುವುದು, ರಾತ್ರಿ ಮಲಗುವಾಗ ಚಪ್ಪಲಿ ಯಾವ ಕಡೆ ಬಿಡುವುದು, ಮೇಲಿನ ಮಹಡಿಯ ವಯಸ್ಸಾದವರನ್ನು ಅಷ್ಟು ಬೇಗ ಕೆಳಗೆ ಇಳಿಸುವುದು ಹೇಗೆ. ಕ್ಷಿಪಣಿಯ ತೂಕ, ದೂರ, ವೇಗ ಎಲ್ಲ ಟಿವಿಯಲ್ಲಿ ಬರುತ್ತಿತ್ತು. ಜನ ಬರೆಯುತ್ತಿದ್ದದ್ದು ಮಾತ್ರ ಇಂಥವನ್ನೇ.

ಗಾಜಾದ ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7ರಿಂದ ಈಚೆಗೆ ಈ ಥರದ ಬರಹಗಳು, ವಿಡಿಯೋಗಳು ಲೆಕ್ಕವಿಲ್ಲದಷ್ಟು ಬಂದಿವೆ. ಹೀಬ್ರೂನಲ್ಲಿ, ಇಂಗ್ಲಿಷಿನಲ್ಲಿ, ರಷ್ಯನ್‌ನಲ್ಲಿ, ಅರಬ್ಬಿಯಲ್ಲಿ. ಓದುವವರು ಸಾಮಾನ್ಯವಾಗಿ ಎರಡು ಪಂಗಡ ಆಗುತ್ತಾರೆ. ಒಬ್ಬರು ಓದಿ ಕಣ್ಣೀರು ಹಾಕಿ, ಆ ಕಣ್ಣೀರನ್ನೇ ಯುದ್ಧದ ಬಗ್ಗೆ ತೀರ್ಪು ಅಂತ ತಿಳಿದುಕೊಳ್ಳುತ್ತಾರೆ. ಇನ್ನೊಬ್ಬರು ಗಾಜಾದಲ್ಲಿ ಮಕ್ಕಳು ಸಾಯುತ್ತಿರುವಾಗ ಇವರ ಸ್ನಾನದ ಕಥೆ ಕಟ್ಟಿಕೊಂಡು ಯಾರಿಗೇನಾಗಬೇಕು ಅಂತ ಮುಂದೆ ಸರಿಸುತ್ತಾರೆ. ಎರಡೂ ಅರ್ಥವಾಗುವಂಥದ್ದೇ. ಆದರೆ ಎರಡೂ ಕಡೆ ಒಂದು ವಿಷಯ ಜಾರಿಹೋಗುತ್ತದೆ. ಈ ಬರಹಗಳಿಗೆ ದೇಶದ ಒಳಗೆ ಒಂದು ಕೆಲಸ ಇದೆ, ಗಡಿ ದಾಟಿದ ಮೇಲೆ ಬೇರೆಯದೇ ಕೆಲಸ. ಒಳಗೆ ಅದು ‘ನಾನಿನ್ನೂ ಇದ್ದೇನೆ, ನೀನು?’ ಅಂತ ಕೇಳುವ ದಾರಿ, ಸಂಕಟ ಇಳಿಸಿಕೊಳ್ಳುವ ದಾರಿ, ಎಷ್ಟೋ ಸಲ ತಮ್ಮದೇ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವ ದಾರಿ. ಹೊರಗೆ ಬಂದ ಕೂಡಲೇ ಅದೇ ಮಾತು ವಾದಕ್ಕೆ ಸರಕಾಗುತ್ತದೆ. ಬರೆದವರಿಗೆ ಇಷ್ಟ ಇರಲಿ, ಇಲ್ಲದಿರಲಿ.

ಮೊದಲು ಅಲ್ಲಿನ ದಿನಚರಿ ಹೇಗಿರುತ್ತದೆ ನೋಡೋಣ. ಇಲ್ಲದಿದ್ದರೆ ಈ ಬರಹಗಳಲ್ಲಿ ಅರ್ಧ ಮಾತು ಅರ್ಥವಾಗುವುದಿಲ್ಲ.

ಅಲ್ಲಿ ಪ್ರತಿ ಊರಿಗೂ ಒಂದು ಲೆಕ್ಕ ಇದೆ: ಸೈರನ್ ಕೂಗಿದ ಮೇಲೆ ಎಷ್ಟು ಸೆಕೆಂಡಿನಲ್ಲಿ ಒಳಗೆ ಸೇರಿಕೊಳ್ಳಬೇಕು ಅಂತ. ಗಾಜಾ ಪಕ್ಕದ ಸ್ದೆರೋತ್‌ನಲ್ಲಿ 15 ಸೆಕೆಂಡ್. ಅಶ್ಕೆಲೋನ್‌ನಲ್ಲಿ 30. ಟೆಲ್ ಅವೀವ್‌ನಲ್ಲಿ 90. ಲೆಬನಾನ್ ಗಡಿಗೆ ಅಂಟಿಕೊಂಡ ಹಳ್ಳಿಗಳಲ್ಲಿ ಸೊನ್ನೆ, ಅಂದರೆ ಸೈರನ್ ಕಿವಿಗೆ ಬೀಳುವಷ್ಟರಲ್ಲಿ ರಾಕೆಟ್ ಕೂಡ ಬಿದ್ದಿರಬಹುದು. ಹತ್ತಿರದ ರಾಕೆಟ್‌ಗೆ ಈ ಲೆಕ್ಕ. ಇರಾನಿನಿಂದ ಬರುವ ಕ್ಷಿಪಣಿಗೆ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ, ಅದಕ್ಕೇ 2025ರಲ್ಲಿ ಸೈರನ್‌ಗೂ ಮೊದಲೇ ಮೊಬೈಲಿಗೆ ಒಂದು ಎಚ್ಚರಿಕೆ ಬರುತ್ತಿತ್ತು. ಸೇನೆಯ ಹೋಮ್ ಫ್ರಂಟ್ ಕಮಾಂಡ್ ಅನ್ನುವ ವಿಭಾಗ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಅದರ ಆ್ಯಪ್ ಅಲ್ಲಿ ಎಲ್ಲರ ಫೋನಿನಲ್ಲೂ ಇದೆ ಅಂದರೂ ನಡೆಯುತ್ತದೆ. ಕಾರಿನಲ್ಲಿ ಹೋಗುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಇಳಿದು, ನೆಲಕ್ಕೆ ಮಲಗಿ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಹೆದ್ದಾರಿಯಲ್ಲಿ ಸಾಲಾಗಿ ಜನ ಹಾಗೆ ಮಲಗಿರುವ ವಿಡಿಯೋ ನೀವೂ ನೋಡಿರಬಹುದು.

ಓಡಿ ಹೋಗುವ ಜಾಗ ಎಲ್ಲರಿಗೂ ಒಂದೇ ಅಲ್ಲ. ಹೊಸ ಮನೆಗಳಲ್ಲಿ ‘ಮಮಾದ್’ ಇರುತ್ತದೆ, ಅಂದರೆ ಮನೆಯೊಳಗೇ ಕಟ್ಟಿದ ರಕ್ಷಣಾ ಕೋಣೆ. ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು, ಕಿಟಕಿಗೆ ಉಕ್ಕಿನ ಕದ. ಬಹಳ ಮನೆಗಳಲ್ಲಿ ಅದೇ ಮಕ್ಕಳ ಮಲಗುವ ಕೋಣೆ, ಇಲ್ಲವೇ ಹಳೇ ಸಾಮಾನು ತುಂಬಿಟ್ಟ ಕೋಣೆ. 1991ರ ಕೊಲ್ಲಿ ಯುದ್ಧದಲ್ಲಿ ಸದ್ದಾಂ ಹುಸೇನನ ಇರಾಕ್ ಸುಮಾರು 40 ಸ್ಕಡ್ ಕ್ಷಿಪಣಿ ಹಾರಿಸಿತ್ತು. ಆಗ ವಿಷಾನಿಲದ ಭಯಕ್ಕೆ ಜನ ಒಂದು ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ, ಟೇಪು ಅಂಟಿಸಿಕೊಂಡು ಗ್ಯಾಸ್ ಮಾಸ್ಕ್ ಹಾಕಿ ಕೂತಿದ್ದರು. ಸೇನೆಯ ವಕ್ತಾರ ನಹ್ಮಾನ್ ಶಾಯ್ ರೇಡಿಯೋದಲ್ಲಿ ಎಲ್ಲರಿಗೂ ‘ನೀರು ಕುಡಿಯಿರಿ’ ಅಂತ ಸಮಾಧಾನ ಹೇಳುತ್ತಿದ್ದರು. ಆ ಅನುಭವದ ಮೇಲೆ 1990ರ ದಶಕದ ಆರಂಭದಿಂದ ಹೊಸ ಮನೆಗಳಿಗೆ ಮಮಾದ್ ಕಡ್ಡಾಯ ಆಯಿತು. ಹಳೇ ಅಪಾರ್ಟ್‌ಮೆಂಟುಗಳಲ್ಲಿ ಇರುವವರು ಕಟ್ಟಡದ ನೆಲಮಾಳಿಗೆಗೋ ಬೀದಿಯ ಸಾರ್ವಜನಿಕ ಶೆಲ್ಟರ್‌ಗೋ ಓಡಬೇಕು. ಅದೂ ಇಲ್ಲದವರು ಮೆಟ್ಟಿಲ ಕೆಳಗೆ ಕೂರಬೇಕು. 2025ರ ಜೂನ್‌ನಲ್ಲಿ ಟೆಲ್ ಅವೀವ್‌ನಲ್ಲಿ ಎಷ್ಟೋ ಕುಟುಂಬಗಳು ಚಾಪೆ, ಟೆಂಟು ಹಿಡಿದುಕೊಂಡು ನೆಲದಡಿಯ ಪಾರ್ಕಿಂಗ್‌ನಲ್ಲಿ, ಲೈಟ್ ರೈಲ್ ನಿಲ್ದಾಣದಲ್ಲಿ ರಾತ್ರಿ ಕಳೆದವು. ವರ್ಷಗಟ್ಟಲೆ ಮಾತೇ ಆಡದ ಅಕ್ಕಪಕ್ಕದ ಮನೆಯವರು ನೈಟಿ, ಬನಿಯನ್‌ನಲ್ಲಿ ಮೊದಲ ಸಲ ಪರಿಚಯ ಆದ ಪ್ರಸಂಗಗಳು ಈ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಮಮಾದ್ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಅದನ್ನು ಕಟ್ಟಿದ್ದು ರಾಕೆಟ್ ಏಟು ತಡೆಯಲಿಕ್ಕೆ. ಮನುಷ್ಯರನ್ನು ತಡೆಯಲಿಕ್ಕಲ್ಲ. ಸ್ಫೋಟದಲ್ಲಿ ಒಳಗಿನವರು ಸಿಕ್ಕಿಕೊಂಡರೆ ರಕ್ಷಣಾ ಸಿಬ್ಬಂದಿ ಹೊರಗಿನಿಂದ ತೆಗೆಯುವಂತಿರಬೇಕಲ್ಲ, ಹಾಗಾಗಿ ಒಳಗಿನಿಂದ ಬೀಗ ಹಾಕುವ ವ್ಯವಸ್ಥೆ ಸಾಮಾನ್ಯವಾಗಿ ಇರಲಿಲ್ಲ. ಅಕ್ಟೋಬರ್ 7ರ ಬೆಳಿಗ್ಗೆ 6:29ಕ್ಕೆ ಸೈರನ್ ಶುರುವಾದಾಗ ಗಾಜಾ ಪಕ್ಕದ ಕಿಬ್ಬುತ್ಸ್‌ಗಳ (ಒಟ್ಟಾಗಿ ಬಾಳುವ ಸಾಮೂಹಿಕ ಹಳ್ಳಿಗಳ) ಜನ ಎಂದಿನಂತೆ ಮಮಾದ್ ಒಳಗೆ ಹೋದರು. ಆಮೇಲೆ ಹಮಾಸ್‌ನ ಬಂದೂಕುಧಾರಿಗಳು ಮನೆಯೊಳಗೇ ಬಂದರು. ಗಂಟೆಗಟ್ಟಲೆ ಬಾಗಿಲ ಹಿಡಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಬದುಕಿದವರು ಇದ್ದಾರೆ, ಹಿಡಿದುಕೊಂಡೇ ಗುಂಡೇಟಿಗೆ ಸತ್ತವರೂ ಇದ್ದಾರೆ. ಆ ದಿನ ಸುಮಾರು 1,200 ಜನ ಸತ್ತರು, 251 ಜನರನ್ನು ಒತ್ತೆಯಾಳುಗಳಾಗಿ ಗಾಜಾಕ್ಕೆ ಒಯ್ದರು. ನಿರ್ ಓಝ್ ಅನ್ನುವ ಕಿಬ್ಬುತ್ಸ್‌ನಲ್ಲಿ ಸುಮಾರು 400 ಜನರಲ್ಲಿ ಕಾಲು ಭಾಗದಷ್ಟು ಮಂದಿ ಸತ್ತರು ಇಲ್ಲವೇ ಅಪಹರಣಕ್ಕೆ ಒಳಗಾದರು. ಸೇನೆ ಅಲ್ಲಿಗೆ ತಲುಪುವಷ್ಟರಲ್ಲಿ ಬಂದವರೆಲ್ಲ ವಾಪಸ್ ಹೋಗಿದ್ದರು ಅಂತ ಸೇನೆಯದೇ ತನಿಖೆ ಒಪ್ಪಿಕೊಂಡಿದೆ.

ಈ ಯುದ್ಧದ ಮೊದಲ ‘ವೈಯಕ್ತಿಕ ಕಥೆಗಳು’ ಬರೆದದ್ದು ಆ ಕೋಣೆಗಳ ಒಳಗಿನಿಂದ, ವಾಟ್ಸಾಪ್‌ನಲ್ಲಿ. ಯಾರಿಗೋ ಓದಿಸಲಿಕ್ಕೆ ಅಂತ ಬರೆದದ್ದಲ್ಲ. ಕಿಬ್ಬುತ್ಸ್‌ನ ಅಮ್ಮಂದಿರ ಗುಂಪಿನಲ್ಲಿ ‘ಹೊರಗೆ ಅರಬ್ಬಿ ಮಾತು ಕೇಳಿಸುತ್ತಿದೆ’, ‘ಹೊಗೆ ಬರುತ್ತಿದೆ’, ‘ಸೇನೆ ಎಲ್ಲಿ’ ಎನ್ನುವ ಥರದ ಸಂದೇಶಗಳು. ಕೆಲವರು ಟಿವಿ ಚಾನೆಲ್‌ಗಳಿಗೆ ಫೋನ್ ಮಾಡಿ ಪಿಸುಮಾತಿನಲ್ಲಿ ಸಹಾಯ ಕೇಳಿದರು, ಅದು ನೇರ ಪ್ರಸಾರ ಆಯಿತು. ಅತ್ತ ಅದೇ ದಿನ ಶಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಜೊತೆಗೆ ಹಬ್ಬ. ಧಾರ್ಮಿಕ ಯಹೂದಿಗಳು ಆ ದಿನ ಫೋನ್ ಮುಟ್ಟುವುದಿಲ್ಲ. ಹಾಗಾಗಿ ದೇಶದ ಒಂದು ಭಾಗ ನಿಮಿಷ ನಿಮಿಷಕ್ಕೂ ಸಂದೇಶ ಓದುತ್ತಿದ್ದರೆ ಇನ್ನೊಂದು ಭಾಗಕ್ಕೆ ಪ್ರಾರ್ಥನಾ ಮಂದಿರದಲ್ಲಿ ಕೇಳಿದ ಗಾಳಿಮಾತೇ ಸುದ್ದಿ.

ಇಲ್ಲಿ ನಮ್ಮ ಕಡೆಗೆ ಸಂಬಂಧಪಟ್ಟ ಒಂದು ಘಟನೆ ಇದೆ. ಆ ದಿನ ಆ ಭಾಗದಲ್ಲಿ ವೃದ್ಧ ದಂಪತಿಯನ್ನು ನೋಡಿಕೊಳ್ಳುತ್ತಿದ್ದ ಕೇರಳದ ಇಬ್ಬರು ಮಹಿಳೆಯರು ಸೇಫ್ ರೂಮಿನ ಬಾಗಿಲ ಹಿಡಿಯನ್ನು ಗಂಟೆಗಟ್ಟಲೆ ಬಿಡದೆ ಹಿಡಿದು ಎಲ್ಲರ ಜೀವ ಉಳಿಸಿದರು. ಮನೆಯಲ್ಲಿದ್ದದ್ದೆಲ್ಲ ಹೋಯಿತು, ಒಬ್ಬರ ಪಾಸ್‌ಪೋರ್ಟ್ ಕೂಡ. ದೆಹಲಿಯ ಇಸ್ರೇಲ್ ರಾಯಭಾರ ಕಚೇರಿ ಅವರಲ್ಲೊಬ್ಬರ ವಿಡಿಯೋವನ್ನು ಎಕ್ಸ್‌ನಲ್ಲಿ ಹಾಕಿ ‘ಭಾರತೀಯ ಸೂಪರ್‌ವುಮನ್‌ಗಳು’ ಅಂತ ಹೊಗಳಿತು. ಅದು ಭಾರತದ ತುಂಬ ಹರಿದಾಡಿತು. ಅವರು ಮಾಡಿದ್ದು ನಿಜಕ್ಕೂ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಮನಿಸಿ: ಕೋಣೆಯೊಳಗೆ ಅದು ಇಬ್ಬರು ಕೆಲಸದವರು ತಮ್ಮದೂ ಯಜಮಾನರದೂ ಜೀವ ಉಳಿಸಿಕೊಂಡ ಕಥೆ. ರಾಯಭಾರ ಕಚೇರಿಯ ಖಾತೆಗೆ ಬರುವಷ್ಟರಲ್ಲಿ ಅದು ಎರಡು ದೇಶಗಳ ಸ್ನೇಹದ ಕಥೆ ಆಗಿತ್ತು. ಅವರು ಅಲ್ಲಿ ಯಾಕಿದ್ದರು, ಅಷ್ಟು ದೂರದ ಗಡಿಯಲ್ಲಿ ಆರೈಕೆ ಕೆಲಸಕ್ಕೆ ಹೋಗುವಂತೆ ಮಾಡಿದ್ದು ಏನು, ಅದು ಆ ವಿಡಿಯೋದ ವಿಷಯ ಆಗಿರಲಿಲ್ಲ.

ಈ ಕೆಲಸಕ್ಕೆ ಹೋದವರಲ್ಲಿ ಮಲಯಾಳಿಗಳು ಜಾಸ್ತಿ. ಮಂಗಳೂರು, ಉಡುಪಿ ಕಡೆಯ ಸಾವಿರಾರು ಮಂದಿಯೂ ಇದ್ದಾರೆ. ಅಕ್ಟೋಬರ್ 2023ರಲ್ಲಿ ನಮ್ಮ ಚಾನೆಲ್‌ಗಳು ಅವರಿಗೆ ವಿಡಿಯೋ ಕಾಲ್ ಮಾಡಿ ‘ಅಲ್ಲಿ ಹೇಗಿದೆ’ ಅಂತ ಕೇಳಿದವು. ಬಹುತೇಕರ ಉತ್ತರ ಒಂದೇ: ನಾವು ಸೇಫ್, ಊರಿನವರು ಗಾಬರಿ ಆಗಬೇಡಿ. ಆ ಉತ್ತರದ ಹಿಂದೆ ಏನಿದೆ ಅಂತ ಯೋಚಿಸಿದರೆ ಗೊತ್ತಾಗುತ್ತದೆ. ಅವರ ವೀಸಾ ನಿಂತಿರುವುದು ತಾವು ನೋಡಿಕೊಳ್ಳುವ ವೃದ್ಧರ ಮೇಲೆ. ಸಾಮಾನ್ಯವಾಗಿ ಐದು ವರ್ಷ ಮೂರು ತಿಂಗಳ ಗಡುವು. ಹೋಗಲಿಕ್ಕೆ ಏಜೆಂಟರಿಗೆ ಕೊಟ್ಟ ಲಕ್ಷಗಟ್ಟಲೆ ದುಡ್ಡಿನ ಸಾಲ ಊರಲ್ಲಿ ಬೆಳೆಯುತ್ತಿರುತ್ತದೆ. ಭಾರತ ಸರ್ಕಾರ ‘ಆಪರೇಷನ್ ಅಜಯ್’ ಅಂತ ವಿಮಾನ ಕಳಿಸಿದಾಗ ವಿದ್ಯಾರ್ಥಿಗಳು, ಪ್ರವಾಸಿಗಳು ಹತ್ತಿದರು. ಆರೈಕೆ ಕೆಲಸದವರಲ್ಲಿ ತುಂಬ ಮಂದಿ ಹತ್ತಲಿಲ್ಲ. ಹಾಸಿಗೆ ಹಿಡಿದ ಅಜ್ಜಿಯನ್ನು 30 ಸೆಕೆಂಡಿನಲ್ಲಿ ಶೆಲ್ಟರ್‌ಗೆ ಇಳಿಸಲು ಆಗುವುದಿಲ್ಲ. ಅಜ್ಜಿಯ ಮಕ್ಕಳು ಬೇರೆ ಊರಲ್ಲಿರುತ್ತಾರೆ. ಆಗ ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳುವವಳು ಕಾರ್ಕಳದವಳೋ ಕೊಟ್ಟಾಯಂನವಳೋ ಆಗಿರುತ್ತಾಳೆ. 2021ರ ಮೇನಲ್ಲಿ ಅಶ್ಕೆಲೋನ್‌ನಲ್ಲಿ ರಾಕೆಟ್ ಬಿದ್ದು ಕೇರಳದ ಒಬ್ಬ ಆರೈಕೆ ಕೆಲಸದ ಮಹಿಳೆ ಸತ್ತಿದ್ದೂ ಇಂಥದೇ ಕೆಲಸದಲ್ಲಿದ್ದಾಗ. ಇಸ್ರೇಲಿನ ಯುದ್ಧಕಾಲದ ದಿನಚರಿಯನ್ನು ತೀರಾ ಹತ್ತಿರದಿಂದ ಕಂಡ ಇವರು ಅದರ ಬಗ್ಗೆ ಬರೆಯುವುದು ಕಮ್ಮಿ. ಫೇಸ್‌ಬುಕ್‌ನಲ್ಲಿ ಯಜಮಾನರ ಬಗ್ಗೆಯೋ ಸರ್ಕಾರದ ಬಗ್ಗೆಯೋ ಏನಾದರೂ ಹೇಳಿ ಕೆಲಸ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ?

ಅಂದಹಾಗೆ, ಹೊಲಗಳಲ್ಲಿ ಕೆಲಸ ಮಾಡುತ್ತಿದ್ದ ಥಾಯ್ಲೆಂಡಿನ ಕಾರ್ಮಿಕರೂ ಆ ದಿನ ಹತ್ತಾರು ಮಂದಿ ಸತ್ತರು, ಹಲವರು ಒತ್ತೆಯಾಳುಗಳಾದರು. ಉಳಿದವರಲ್ಲಿ ಸಾವಿರಾರು ಜನ ಊರಿಗೆ ಹೋದರು. ಪ್ಯಾಲೆಸ್ಟೀನಿ ಕೂಲಿಕಾರರನ್ನು ಇಸ್ರೇಲ್ ಒಳಗೆ ಬಿಡಲಿಲ್ಲ. ಐಟಿ ಎಂಜಿನಿಯರ್‌ಗಳು, ನಿವೃತ್ತರು ಬಸ್ಸು ಮಾಡಿಕೊಂಡು ಹೋಗಿ ಟೊಮೆಟೊ ಕಿತ್ತ ಕಥೆಗಳು ಆಗ ಬಹಳ ಬಂದವು, ಓದಲು ಚೆನ್ನಾಗಿಯೂ ಇದ್ದವು. ಕಟ್ಟಡ ಕೆಲಸಕ್ಕೆ ಮಾತ್ರ 2024ರಲ್ಲಿ ಹರಿಯಾಣ, ಉತ್ತರ ಪ್ರದೇಶದಿಂದ ಜನರನ್ನು ಕರೆಸಿಕೊಂಡರು.

ಒಳಗಿನ ಕೆಲಸಕ್ಕೆ ಬರೋಣ. ಅಕ್ಟೋಬರ್ 7ರ ನಂತರ ಗಾಜಾ ಮತ್ತು ಲೆಬನಾನ್ ಗಡಿಗಳಿಂದ ಸುಮಾರು 2 ಲಕ್ಷ ಜನ ಮನೆ ಬಿಟ್ಟರು. ಮೃತ ಸಮುದ್ರ, ಐಲಾತ್, ಜೆರುಸಲೇಮ್‌ನ ಹೋಟೆಲುಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಮೊದಲ ವಾರ ಮಕ್ಕಳಿಗೆ ಈಜುಕೊಳ, ಬಫೆ ಊಟ ಅಂತ ಖುಷಿ. ಆಮೇಲೆ ತಿಂಗಳುಗಟ್ಟಲೆ ಅದೇ ಬಫೆ. ಸ್ವಂತ ಅಡುಗೆಮನೆ ಇಲ್ಲ, ಗಂಡ ಹೆಂಡತಿ ಜಗಳ ಆಡಲಿಕ್ಕೂ ಬೇರೆ ಜಾಗ ಇಲ್ಲ. ಲೆಬನಾನ್ ಗಡಿ ಹತ್ತಿರದ ಕಿರ್ಯಾತ್ ಶ್ಮೋನಾದಂಥ ಇಡೀ ಪಟ್ಟಣವೇ ಒಂದು ವರ್ಷಕ್ಕೂ ಜಾಸ್ತಿ ಖಾಲಿ ಇತ್ತು. ಇದರ ಬಗ್ಗೆ ಅಲ್ಲಿನವರು ಬರೆದದ್ದರಲ್ಲಿ ಲೆಬನಾನಿನಿಂದ ರಾಕೆಟ್ ಹಾರಿಸುತ್ತಿದ್ದ ಹೆಜ್ಬುಲ್ಲಾ ಮೇಲಿನ ಸಿಟ್ಟಿನಷ್ಟೇ ತಮ್ಮನ್ನು ಮರೆತ ಸರ್ಕಾರದ ಮೇಲಿನ ಸಿಟ್ಟೂ ಇದೆ.

ಮೀಸಲು ಸೈನಿಕರ ಮನೆಗಳ ಕಥೆಯೂ ಹಾಗೇ. 3 ಲಕ್ಷದಷ್ಟು ಜನರನ್ನು ಒಂದೇ ಸಲ ಕರೆದರು. ಅಂಗಡಿ ಮುಚ್ಚಿದವರು, ಸೆಮಿಸ್ಟರ್ ಕಳೆದುಕೊಂಡವರು, ಹೆರಿಗೆ ಹೊತ್ತಿಗೆ ಗಂಡ ಲೆಬನಾನ್ ಗಡಿಯಲ್ಲಿದ್ದ ಹೆಂಗಸರು. ಎರಡನೇ ಸಲ, ಮೂರನೇ ಸಲ, ನಾಲ್ಕನೇ ಸಲ ಕರೆ ಬಂದಾಗ ಈ ಹೆಂಗಸರ ಬರಹದ ದನಿ ಬದಲಾಯಿತು. ನನ್ನ ಗಂಡ ನೂರಾರು ದಿನ ಸಮವಸ್ತ್ರದಲ್ಲಿ ಕಳೆಯುವಾಗ ಯೆಶಿವಾದಲ್ಲಿ (ಧರ್ಮಗ್ರಂಥ ಓದುವ ಶಾಲೆಯಲ್ಲಿ) ಓದುವ ಹರೇದಿ, ಅಂದರೆ ಕಟ್ಟಾ ಸಂಪ್ರದಾಯಸ್ಥ, ಹುಡುಗರಿಗೆ ಯಾಕೆ ವಿನಾಯಿತಿ ಅನ್ನುವ ಪ್ರಶ್ನೆ ಎದ್ದಿತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನೂ ಸೇರಿಸಿಕೊಳ್ಳಬೇಕು ಅಂತ ಒಮ್ಮತದಿಂದ ಹೇಳಿತು, ಸರ್ಕಾರ ಉಳಿಯುತ್ತದೋ ಬೀಳುತ್ತದೋ ಅನ್ನುವವರೆಗೆ ಅದು ಬೆಳೆಯಿತು. ಡೈಪರ್ ಬದಲಾಯಿಸುವ, ರಾತ್ರಿ ನಿದ್ದೆ ಇಲ್ಲದ ಸಣ್ಣ ಸಣ್ಣ ಬರಹಗಳಿಗೆ ಅಷ್ಟು ದೊಡ್ಡ ಜಗಳದಲ್ಲಿ ಪಾಲಿದೆ.

ಒತ್ತೆಯಾಳುಗಳ ಮನೆಯವರಂತೂ ಕಥೆ ಹೇಳುವುದನ್ನೇ ಹೋರಾಟ ಮಾಡಿಕೊಂಡರು. ರೇಚಲ್ ಗೋಲ್ಡ್‌ಬರ್ಗ್-ಪೋಲಿನ್ ದಿನಾ ಎದೆಯ ಮೇಲೆ ಮಾಸ್ಕಿಂಗ್ ಟೇಪ್ ತುಂಡು ಅಂಟಿಸಿಕೊಂಡು ಅದರ ಮೇಲೆ ಮಗ ಹೋಗಿ ಎಷ್ಟು ದಿನ ಆಯಿತು ಅಂತ ಬರೆದುಕೊಳ್ಳುತ್ತಿದ್ದರು. ಮಗ ಹರ್ಶ್‌ನನ್ನು ಇನ್ನೂ ಐವರ ಜೊತೆ 2024ರ ಆಗಸ್ಟ್ ಕೊನೆಯಲ್ಲಿ ರಫಾದ ಸುರಂಗದಲ್ಲಿ ಹಮಾಸ್ ಕೊಂದಿತು. ಶವಗಳು ಸಿಕ್ಕ ಮಾರನೇ ದಿನವೇ ಲಕ್ಷಾಂತರ ಜನ ಬೀದಿಗೆ ಬಂದರು, ಒಪ್ಪಂದ ಮಾಡಿಕೊಂಡಿದ್ದರೆ ಅವರು ಬದುಕುತ್ತಿದ್ದರು ಅಂತ. ಐನಾವ್ ತ್ಸಂಗೌಕರ್ ಒಂದು ಕಾಲಕ್ಕೆ ಪ್ರಧಾನಿ ನೆತನ್ಯಾಹು ಅವರ ಲಿಕುದ್ ಪಕ್ಷದ ಕಡೆಯವರು. ಮಗ ಮತಾನ್ ಗಾಜಾದಲ್ಲಿ ಇದ್ದ ಎರಡು ವರ್ಷ ನೆತನ್ಯಾಹು ಅವರನ್ನು ಅವರಷ್ಟು ಕಟುವಾಗಿ ಬೈದವರು ವಿರೋಧ ಪಕ್ಷದಲ್ಲೂ ಇರಲಿಲ್ಲ. 2025ರ ಅಕ್ಟೋಬರ್ 13ರಂದು ಬದುಕಿ ವಾಪಸ್ ಬಂದ ಕೊನೆಯ 20 ಜನರಲ್ಲಿ ಮತಾನ್ ಕೂಡ ಇದ್ದ. ಪ್ರಧಾನಿ ನಿರ್ ಓಝ್‌ಗೆ ಮೊದಲ ಸಲ ಕಾಲಿಟ್ಟದ್ದು 2025ರ ಜುಲೈನಲ್ಲಿ. ಆ ಕಿಬ್ಬುತ್ಸ್‌ನವರು ಏನೇ ಬರೆದರೂ ಈ ಒಂದು ಸಂಗತಿ ಅದರಲ್ಲಿ ಇದ್ದೇ ಇರುತ್ತದೆ ಅಂದರೆ ಆಶ್ಚರ್ಯ ಇಲ್ಲ.

ಈ ಕಥೆಗಳೇ ಇಂಗ್ಲಿಷಿಗೆ ಬಂದಾಗ ಏನಾಗುತ್ತದೆ? ಸರ್ಕಾರದ ಮೇಲಿನ ಸಿಟ್ಟು ಸೋರಿಹೋಗಿ ದುಃಖ ಮಾತ್ರ ಉಳಿಯುವುದು ಜಾಸ್ತಿ. ಹೊರಗಿನವರ ಮುಂದೆ ಮನೆ ಜಗಳ ಯಾಕೆ ಅನ್ನುವ ಸಂಕೋಚ ಒಂದು ಕಾರಣ ಇರಬಹುದು, ಎಲ್ಲರಿಗೂ ಇರುವಂಥದ್ದೇ. ಇನ್ನೊಂದು ಕಾರಣ ದುಡ್ಡು. ಇಸ್ರೇಲಿನ ವಿದೇಶಾಂಗ ಇಲಾಖೆಗೆ 2025ರ ಬಜೆಟ್‌ನಲ್ಲಿ ಹೊರದೇಶಗಳ ಪ್ರಚಾರಕ್ಕೆಂದೇ ಸುಮಾರು 15 ಕೋಟಿ ಡಾಲರ್ ಹೆಚ್ಚುವರಿ ಕೊಟ್ಟರು. ಇನ್‌ಫ್ಲುಯೆನ್ಸರ್‌ಗಳ ಪ್ರವಾಸ, ಅಮೆರಿಕದ ಕ್ಯಾಂಪಸ್‌ಗಳಲ್ಲಿ ಭಾಷಣ ಇವೆಲ್ಲ ಇಂಥ ಪ್ರಚಾರದಲ್ಲಿ ಸೇರಿವೆ. ಹಾಗಂತ ಪ್ರತಿ ಬರಹವೂ ದುಡ್ಡು ಕೊಟ್ಟು ಬರೆಸಿದ್ದು ಅನ್ನುವುದು ಶುದ್ಧ ಸುಳ್ಳು. ಮೆಟ್ಟಿಲ ಕೆಳಗೆ ನಡುಗುತ್ತ ಕೂತು ಬರೆದವರಿಗೆ ಯಾರೂ ಕಾಸು ಕೊಟ್ಟಿಲ್ಲ. ಆದರೆ ಯಾವುದನ್ನು ಎತ್ತಿ ಹಿಡಿಯಬೇಕು, ಯಾವುದಕ್ಕೆ ಸಬ್‌ಟೈಟಲ್ ಹಾಕಬೇಕು ಅಂತ ಆರಿಸುವವರು ಇದ್ದಾರೆ.

ಕೆಲವು ಕಥೆಗಳು ಈ ಸಾಲಿಗೆ ಬರುವುದೇ ಕಷ್ಟ. ಇಸ್ರೇಲಿನ ಜನಸಂಖ್ಯೆಯಲ್ಲಿ ಐದರಲ್ಲಿ ಒಬ್ಬರು ಅರಬ್ ನಾಗರಿಕರು. 2025ರ ಜೂನ್ 14ರ ರಾತ್ರಿ ಇರಾನಿನ ಕ್ಷಿಪಣಿ ಉತ್ತರದ ತಮ್ರಾ ಅನ್ನುವ ಅರಬ್ ಪಟ್ಟಣದ ಮನೆ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಸತ್ತರು. ಆ ಊರಿನಲ್ಲಿ ಸಾರ್ವಜನಿಕ ಶೆಲ್ಟರ್ ಇರಲಿಲ್ಲ. ಕ್ಷಿಪಣಿ ಆ ಕಡೆ ಬೀಳುವುದನ್ನು ನೋಡಿ ಕೆಲವು ಯಹೂದಿಗಳು ಹಿಗ್ಗಿದ ವಿಡಿಯೋ ಕೂಡ ಹರಿದಾಡಿತು. ದಕ್ಷಿಣದ ನೆಗೆವ್ ಮರುಭೂಮಿಯಲ್ಲಿ ಸರ್ಕಾರ ಒಪ್ಪದ ಬೆಡೋಯಿನ್ (ಅಲೆಮಾರಿ ಮೂಲದ ಅರಬ್ಬರ) ಹಳ್ಳಿಗಳಿವೆ. ತಗಡಿನ ಮನೆಗಳು, ಮಮಾದ್ ಮಾತೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಇರಾನ್ ಮೊದಲ ಸಲ ನೇರವಾಗಿ ದಾಳಿ ಮಾಡಿದಾಗ ಬಹುತೇಕ ಎಲ್ಲವನ್ನೂ ಆಕಾಶದಲ್ಲೇ ಹೊಡೆದು ಹಾಕಿದೆವು ಅಂತ ದೇಶ ನಿಟ್ಟುಸಿರು ಬಿಟ್ಟಿತು. ಆ ರಾತ್ರಿ ಗಂಭೀರವಾಗಿ ಗಾಯಗೊಂಡದ್ದು ಒಬ್ಬ ಏಳು ವರ್ಷದ ಬೆಡೋಯಿನ್ ಹುಡುಗಿ. ‘ಇಸ್ರೇಲಿನ ದಿನಚರಿ’ ಅಂದಾಗ ನಮ್ಮ ಕಣ್ಣಿಗೆ ಬರುವುದು ಟೆಲ್ ಅವೀವ್‌ನ ಅಪಾರ್ಟ್‌ಮೆಂಟು, ಕಾಫಿ, ನಾಯಿ. ಈ ಹಳ್ಳಿಗಳಲ್ಲ.

ಹೇಳಲು ಹೊರಟವರಿಗೂ ಭಯ ಇತ್ತು. ಯುದ್ಧ ಶುರುವಾದ ತಿಂಗಳಲ್ಲೇ ಅರಬ್ ಗಾಯಕಿ ದಲಾಲ್ ಅಬು ಆಮ್ನೆಯನ್ನು ಒಂದು ಪೋಸ್ಟ್‌ಗಾಗಿ ಬಂಧಿಸಿಟ್ಟರು. ವಿದ್ಯಾರ್ಥಿಗಳು, ನರ್ಸುಗಳು ಪೋಸ್ಟ್, ಲೈಕ್ ಕಾರಣಕ್ಕೆ ವಿಚಾರಣೆ ಎದುರಿಸಿದರು. ಬರೀ ಅರಬ್ಬರಲ್ಲ: ಗಾಜಾದಲ್ಲಿ ಸತ್ತವರ ಹೆಸರು, ಮುಖಗಳನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತಿದ್ದ ಇತಿಹಾಸ ಮೇಷ್ಟ್ರು ಮೇಯಿರ್ ಬರುಖಿನ್ 2023ರ ನವೆಂಬರ್‌ನಲ್ಲಿ ಜೈಲಿಗೆ ಹೋಗಿ ಬಂದರು, ಕೆಲಸ ಕಳೆದುಕೊಂಡರು. ಆಮೇಲೆ ಕೋರ್ಟ್ ಅವರನ್ನು ಕೆಲಸಕ್ಕೆ ವಾಪಸ್ ಸೇರಿಸಿತು. ಇನ್ನು ಸೇನಾ ಸೆನ್ಸಾರ್ ಬೇರೆ. ಕ್ಷಿಪಣಿ ಬಿದ್ದ ನಿಖರ ಜಾಗ ತೋರಿಸುವಂತಿಲ್ಲ, ಶತ್ರು ಗುರಿ ತಿದ್ದಿಕೊಳ್ಳುತ್ತಾನೆ ಅಂತ. ಕಾರಣ ಸರಿಯಾದದ್ದೇ. ಆದರೆ ಇದರಿಂದ ನಮಗೆ ಸಿಗುವ ಚಿತ್ರ ಯಾವಾಗಲೂ ಮನೆಗಳದ್ದು, ಆಸ್ಪತ್ರೆಯದ್ದು. ಪಕ್ಕದಲ್ಲಿ ಸೇನೆಗೆ ಸೇರಿದ್ದು ಏನಾದರೂ ಇತ್ತೇ, ಅದಕ್ಕೆ ಏಟು ಬಿತ್ತೇ, ಕಾಣುವುದಿಲ್ಲ.

ಒಳಗೊಂದು ಕೆಲಸ, ಹೊರಗೊಂದು ಕೆಲಸ ಅಂದೆನಲ್ಲ, ಅದು ಸೈನಿಕರ ವಿಡಿಯೋಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಇವೂ ಇಸ್ರೇಲಿನವರ ಯುದ್ಧಕಾಲದ ವೈಯಕ್ತಿಕ ಕಥೆಗಳೇ ತಾನೇ. ಗಾಜಾದ ಯಾರದ್ದೋ ಮನೆಯ ಸೋಫಾ ಮೇಲೆ ಕೂತು ತಮಾಷೆ, ಯಾರದ್ದೋ ಬೀರುವಿನ ಬಟ್ಟೆ ಹಿಡಿದು ನಗು, ಇಡೀ ಬೀದಿಯನ್ನು ಸ್ಫೋಟಿಸಿ ಅದನ್ನು ಗೆಳೆಯರಿಗೋ ಹೆಂಡತಿಗೋ ಅರ್ಪಣೆ. ಊರಿನ ಸ್ನೇಹಿತರಿಗೆ ಅದು ‘ನಾನು ಚೆನ್ನಾಗಿದ್ದೇನೆ’ ಅನ್ನುವ ಸುದ್ದಿ. 2024ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನರಮೇಧದ ದೂರು ವಾದಿಸಿದಾಗ ಇಂಥ ಸೈನಿಕರ ವಿಡಿಯೋಗಳನ್ನೇ ಪರದೆ ಮೇಲೆ ತೋರಿಸಿತು. ಬೆಲ್ಜಿಯಂನ ಹಿಂದ್ ರಜಬ್ ಫೌಂಡೇಶನ್ ಸೈನಿಕರು ತಾವೇ ಹಾಕಿದ ಪೋಸ್ಟ್‌ಗಳನ್ನು ಹಿಡಿದು ದೇಶ ದೇಶಗಳಲ್ಲಿ ದೂರು ಕೊಡಲು ಶುರು ಮಾಡಿತು. 2025ರ ಜನವರಿಯಲ್ಲಿ ಬ್ರೆಜಿಲ್‌ಗೆ ರಜೆಗೆ ಹೋಗಿದ್ದ ಒಬ್ಬ ಮಾಜಿ ಸೈನಿಕ ಹೀಗೆ ಅವಸರದಲ್ಲಿ ಆ ದೇಶ ಬಿಡಬೇಕಾಯಿತು. ಅದಾದ ಮೇಲೆ ಮಾಧ್ಯಮದಲ್ಲಿ ಸೈನಿಕರ ಹೆಸರು, ಮುಖ ತೋರಿಸುವುದಕ್ಕೆ ಸೇನೆ ಕಡಿವಾಣ ಹಾಕಿತು. ವಿಡಿಯೋದಲ್ಲಿ ಏನಿದೆ ಎನ್ನುವುದಕ್ಕಿಂತ ಅದನ್ನು ಯಾರು ನೋಡುತ್ತಾರೆ ಎನ್ನುವುದು ಆಗ ಸೇನೆಗೆ ದೊಡ್ಡ ಚಿಂತೆ ಆದಂತೆ ಕಂಡಿತು, ನನಗಂತೂ.

ಗಾಜಾ ಮಾತು ಎತ್ತದೆ ಈ ವಿಷಯ ಬರೆಯಲು ಆಗುವುದಿಲ್ಲ, ಬರೆಯಲೂಬಾರದು. 21 ಲಕ್ಷದಷ್ಟು ಜನರಿದ್ದ ಆ ಪಟ್ಟಿಯಲ್ಲಿ 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ ಸತ್ತವರು 67,000ಕ್ಕೂ ಹೆಚ್ಚು ಅಂತ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಅಲ್ಲಿ ಸೈರನ್ ಇಲ್ಲ, ಜನರಿಗೆ ಶೆಲ್ಟರ್ ಇಲ್ಲ. ಇಸ್ರೇಲಿನವರ ಫೋನಿಗೆ ಸೇನೆಯಿಂದ ಬರುವ ಸಂದೇಶ ‘ಕ್ಷಿಪಣಿ ಬರುತ್ತಿದೆ, ಒಳಗೆ ಹೋಗಿ’. ಗಾಜಾದವರ ಫೋನಿಗೆ ಅದೇ ಸೇನೆಯಿಂದ ಬರುತ್ತಿದ್ದದ್ದು ‘ನಿಮ್ಮ ಬ್ಲಾಕ್ ಖಾಲಿ ಮಾಡಿ’. 2023ರ ಡಿಸೆಂಬರ್‌ನಲ್ಲಿ ಇಡೀ ಗಾಜಾವನ್ನು ನಂಬರ್ ಹಾಕಿದ ಬ್ಲಾಕ್‌ಗಳಾಗಿ ತುಂಡು ಮಾಡಿದ ನಕ್ಷೆ ಬಿಟ್ಟಿದ್ದರು. ತನ್ನ ಮನೆ ಯಾವ ನಂಬರಿನಲ್ಲಿದೆ ಅಂತ ನೋಡಲು ಬೇಕಾದ ಇಂಟರ್ನೆಟ್ಟೇ ಎಷ್ಟೋ ದಿನ ಇರಲಿಲ್ಲ. 2023ರ ಅಕ್ಟೋಬರ್ 27ರ ರಾತ್ರಿ ಮೊದಲ ಸಲ ಪೂರ್ತಿ ಸಂಪರ್ಕ ಕಡಿಯಿತು. ಹೊರದೇಶದವರು ಕಳಿಸಿದ ಇ-ಸಿಮ್ ಹಾಕಿಕೊಂಡು, ಎತ್ತರದ ಜಾಗ ಹುಡುಕಿ ಸಿಗ್ನಲ್ ಹಿಡಿದು ಕಥೆ ಕಳಿಸಿದವರು ಇದ್ದಾರೆ. ಹಾಗೆ ಕಳಿಸುತ್ತಿದ್ದ ಪತ್ರಕರ್ತರಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಯುದ್ಧ ನಡೆದಷ್ಟು ಕಾಲ ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಒಳಗೆ ಹೋಗಲು ಇಸ್ರೇಲ್ ಬಿಡಲಿಲ್ಲ. ಕರೆಂಟು, ನೆಟ್ಟು, ಜೀವ ಮೂರೂ ಇದ್ದವರಿಂದ ನಮಗೆ ಜಾಸ್ತಿ ಕಥೆ ಬರುತ್ತದೆ ಅನ್ನುವುದು ಇದರ ಸರಳ ಲೆಕ್ಕ. ಇಸ್ರೇಲಿನ ಅಮ್ಮ ಬರೆದದ್ದು ಸುಳ್ಳಲ್ಲ, ಆದರೆ ಅವಳಿಗೆ ಸಿಕ್ಕಿದ ಆ ಮೂರು ಗಾಜಾದ ಖಾನ್ ಯೂನಿಸ್‌ನ ಅಮ್ಮನಿಗೆ ಸಿಗಲಿಲ್ಲ.

ಇಸ್ರೇಲಿನ ಒಳಗೂ ಇದನ್ನು ನೋಡಿದವರು ಕಮ್ಮಿ. ಅಲ್ಲಿನ ಮುಖ್ಯ ಟಿವಿ ಚಾನೆಲ್‌ಗಳಲ್ಲಿ ಗಾಜಾದ ಸಾಮಾನ್ಯ ಜನರ ಮುಖ ಅಪರೂಪ. ಹಾರೆಟ್ಸ್ ಪತ್ರಿಕೆಯಂಥವು ಬರೆಯುತ್ತವೆ, ಓದುವವರು ಸೀಮಿತ. 2025ರ ಮಾರ್ಚ್‌ನಲ್ಲಿ ಕದನವಿರಾಮ ಮುರಿದು ಮತ್ತೆ ಬಾಂಬ್ ದಾಳಿ ಶುರುವಾದಾಗ ಟೆಲ್ ಅವೀವ್‌ನ ಪ್ರತಿಭಟನೆಗಳಲ್ಲಿ ಕೆಲವರು ಸತ್ತ ಗಾಜಾ ಮಕ್ಕಳ ಫೋಟೋ ಹಿಡಿದು ಸುಮ್ನೆ ನಿಲ್ಲತೊಡಗಿದರು. ಮೊದಲು ಬೆರಳೆಣಿಕೆಯಷ್ಟು ಜನ, ಆಮೇಲೆ ನೂರಾರು. ಬೈಗುಳ ತಿಂದರು, ನಿಂತರು. ಬಿಏರಿ ಕಿಬ್ಬುತ್ಸ್‌ನಲ್ಲಿ ಅಕ್ಟೋಬರ್ 7ರಂದು ಸತ್ತ ವಿವಿಯನ್ ಸಿಲ್ವರ್ ಜೀವನವಿಡೀ ಶಾಂತಿಗಾಗಿ ದುಡಿದವರು, ಗಾಜಾದ ರೋಗಿಗಳನ್ನು ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ಅವರ ಮಗ ಯೋನತಾನ್ ಝೈಗೆನ್ ಅಮ್ಮನ ಸಾವನ್ನು ಸೇಡಿನ ವಾದಕ್ಕೆ ಬಳಸಬೇಡಿ ಅನ್ನುತ್ತ ಅದೇ ಶಾಂತಿಯ ಕೆಲಸಕ್ಕೆ ಇಳಿದರು. ಇಸ್ರೇಲಿನವರ ಕಥೆ ಅಂತ ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಇವರು ಇರುತ್ತಾರಾ? ನನ್ನ ಫೋನಿಗಂತೂ ಬಂದಿಲ್ಲ.

ನಮ್ಮಲ್ಲಿ ಬರುವುದು ಬೇರೆ ಥರ. ಅಕ್ಟೋಬರ್ 2023ರಲ್ಲಿ ಈ ಯುದ್ಧದ ಸುಳ್ಳು ವಿಡಿಯೋಗಳನ್ನು ಹರಡಿದ ಖಾತೆಗಳಲ್ಲಿ ಭಾರತದವು ಬಹಳ ಇದ್ದವು ಅಂತ ಇಲ್ಲಿನ ಫ್ಯಾಕ್ಟ್‌ಚೆಕ್ ಮಾಡುವವರೇ ತೋರಿಸಿದರು. ಬೇರೆ ದೇಶದ, ಬೇರೆ ವರ್ಷದ ದೃಶ್ಯ. ಅತ್ತ ಹೊಸಪೇಟೆಯಲ್ಲಿ ಪ್ಯಾಲೆಸ್ಟೈನ್ ಪರ ವಾಟ್ಸಾಪ್ ಸ್ಟೇಟಸ್ ಕಾರಣಕ್ಕೆ ಒಬ್ಬ ಯುವಕನನ್ನು ಪೊಲೀಸರು ಹಿಡಿದುಕೊಂಡು ಹೋದರು. ಅಲ್ಲಿನವರ ಸಂಕಟ ಇಲ್ಲಿ ನಮ್ಮ ಹಳೇ ಜಗಳಕ್ಕೆ ಸೌದೆ, ಅಷ್ಟೇ. ಇದರ ನಡುವೆ 2025ರ ಜೂನ್‌ನಲ್ಲಿ ಅಧ್ಯಯನ ಪ್ರವಾಸಕ್ಕೆ ಹೋಗಿದ್ದ ಕರ್ನಾಟಕದ ಒಂದು ತಂಡ ಅಲ್ಲೇ ಸಿಕ್ಕಿಕೊಂಡು, ವಿಮಾನ ಇಲ್ಲದೆ ರಸ್ತೆಯಲ್ಲಿ ಜೋರ್ಡಾನ್ ಗಡಿ ದಾಟಿ ಬಂತು. ಶೆಲ್ಟರ್ ಅಂದರೆ ಏನು ಅಂತ ಕನ್ನಡದಲ್ಲಿ ನೇರವಾಗಿ ಹೇಳಬಲ್ಲವರು ಅವರು, ಮತ್ತೆ ಮಂಗಳೂರು ಕಡೆಯ ಆ ಆರೈಕೆದಾರರು. ಯಾರಾದರೂ ಕೂತು ಕೇಳಿ ಬರೆದುಕೊಂಡರೆ ಚೆನ್ನಾಗಿತ್ತು.

ಬರೆದುಕೊಳ್ಳುವ ಕೆಲಸ ಅಲ್ಲಿ ಜೋರಾಗಿಯೇ ನಡೆದಿದೆ. ‘ಎದೂತ್ 710’ ಅನ್ನುವ ಸ್ವಯಂಸೇವಕರ ಗುಂಪು ಅಕ್ಟೋಬರ್ 7ರಲ್ಲಿ ಬದುಕುಳಿದವರ ಮಾತನ್ನು ವಿಡಿಯೋ ಮಾಡಿಟ್ಟಿದೆ. ಜೆರುಸಲೇಮ್‌ನ ರಾಷ್ಟ್ರೀಯ ಗ್ರಂಥಾಲಯ ವಾಟ್ಸಾಪ್ ಸಂದೇಶ, ವಿಡಿಯೋ, ಪೋಸ್ಟರ್ ಎಲ್ಲ ಸಂಗ್ರಹಿಸುತ್ತಿದೆ. ನಾಜಿ ನರಮೇಧದಲ್ಲಿ ಬದುಕುಳಿದವರ ಸಾಕ್ಷ್ಯ ದಾಖಲಿಸಿದ ಅಮೆರಿಕದ ಶೋವಾ ಫೌಂಡೇಶನ್ ಕೂಡ ಸೇರಿಕೊಂಡಿತು. ರೈಲು ನಿಲ್ದಾಣದ ಕಂಬಗಳ ಮೇಲೆ ಸತ್ತ ಸೈನಿಕರ ಮುಖ, ಅವರು ಹೇಳುತ್ತಿದ್ದ ಒಂದು ಸಾಲು ಇರುವ ಸ್ಟಿಕ್ಕರ್‌ಗಳು, ಒಂದರ ಮೇಲೊಂದು. ಆದರೆ ಈ ಸಾಕ್ಷ್ಯ ಕೇಳಬೇಕಾದವರು ಯಾರು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. 1968ರ ಕಾನೂನಿನ ಪ್ರಕಾರ ರಾಜ್ಯ ತನಿಖಾ ಆಯೋಗ ಮಾಡಿದರೆ ಅದರ ಸದಸ್ಯರನ್ನು ಸುಪ್ರೀಂ ಕೋರ್ಟಿನ ಮುಖ್ಯಸ್ಥರು ನೇಮಿಸುತ್ತಾರೆ. ಬದುಕುಳಿದವರ, ಸತ್ತವರ ಮನೆಯವರ ‘ಅಕ್ಟೋಬರ್ ಕೌನ್ಸಿಲ್’ ಕೇಳುತ್ತಿರುವುದು ಅದನ್ನೇ, ಸಮೀಕ್ಷೆಗಳಲ್ಲಿ ಹೆಚ್ಚಿನ ಜನ ಕೇಳುತ್ತಿರುವುದೂ ಅದನ್ನೇ. ನೆತನ್ಯಾಹು ಸರ್ಕಾರ ಒಪ್ಪಲಿಲ್ಲ. 2025ರ ನವೆಂಬರ್‌ನಲ್ಲಿ ತನ್ನದೇ ಬೇರೆ ಥರದ ಸಮಿತಿ ಮಾಡಲು ಹೊರಟಿತು, ಅದರ ವ್ಯಾಪ್ತಿಯನ್ನು ಮಂತ್ರಿಗಳೇ ನಿರ್ಧರಿಸುತ್ತಾರೆ ಅಂತ. ‘ಸೇನೆ ಎಲ್ಲಿ’ ಅಂತ ಮಮಾದ್ ಒಳಗಿನಿಂದ ಕೇಳಿದವರಿಗೆ ಉತ್ತರ ಹುಡುಕುವವರನ್ನು, ಆ ದಿನ ಅಧಿಕಾರದಲ್ಲಿದ್ದವರೇ ಆರಿಸಬಹುದೇ ಅನ್ನುವುದು ಈಗಿನ ಜಗಳ.